ಸೂರ್ಯನ ಮೇಲೆ ಬಾಹ್ಯಾಕಾಶದ ಕಣ್ಗಾವಲು: ಅರ್ಧ ಗಂಟೆಯ ಮುನ್ಸೂಚನೆ ಮತ್ತು ಸಾರ್ವಜನಿಕ ಸೇವೆಗಳು

ಸಾರ್ವಜನಿಕ ಮಾಹಿತಿ: ಪ್ರಚಲಿತ ವಿದ್ಯಮಾನಗಳ ವಿಶ್ಲೇಷಣೆ

1. ಪೀಠಿಕೆ

2024ರ ಮೇ 10ರ ರಾತ್ರಿ ಹಾಗೂ 11ರ ಮುಂಜಾವಿನ ನಡುವಿನ ಅವಧಿಯಲ್ಲಿ ಲಡಾಖ್‌ನ ಹಾನ್ಲೆಯಲ್ಲಿರುವ ಭಾರತೀಯ ಖಗೋಳ ವೀಕ್ಷಣಾಲಯದ ಕ್ಯಾಮೆರಾಗಳಲ್ಲಿ ಆಕಾಶವು ಕೆಂಪು ಬಣ್ಣದಿಂದ ಕೂಡಿರುವುದು ದಾಖಲಾಯಿತು. ಸಾಮಾನ್ಯವಾಗಿ ಧ್ರುವ ಪ್ರದೇಶಗಳಲ್ಲಿ ಮಾತ್ರ ಗೋಚರಿಸುವ ಧ್ರುವಪ್ರಭೆಯು ಭಾರತದ ನೆಲದಿಂದ ಕಂಡುಬಂದದ್ದು ಅಪರೂಪದ ಸಂಗತಿಯಾಗಿದೆ. ಅದೇ ಅವಧಿಯಲ್ಲಿ ಅಮೆರಿಕದ ಕೃಷಿಕರು ಬಿತ್ತನೆಯ ಭರದಲ್ಲಿದ್ದು, ಉಪಗ್ರಹ ಸಂಕೇತಗಳ ನೆರವಿನಿಂದ ಸಾಲು ಹಿಡಿದು ಸಾಗುವ ಅವರ ಟ್ರ್ಯಾಕ್ಟರುಗಳು ದಾರಿ ತಪ್ಪಿದ ಕಾರಣ ಹಲವೆಡೆ ಬಿತ್ತನೆಯನ್ನು ನಿಲ್ಲಿಸಬೇಕಾಯಿತು. ಈ ಎರಡು ಘಟನೆಗಳಿಗೂ ಕಾರಣ ಒಂದೇ. ಅದು 2003ರ ಅಕ್ಟೋಬರ್ ನಂತರ ಮೊದಲ ಬಾರಿಗೆ ಅತ್ಯುನ್ನತ ಶ್ರೇಣಿಯಾದ 'ಜಿ5' ಮಟ್ಟವನ್ನು ತಲುಪಿದ ಭೂಕಾಂತ ಬಿರುಗಾಳಿ.

ಭಾರತದಲ್ಲಿ ಆಗ ವ್ಯಾಪಕವಾದ ಅಡಚಣೆಗಳು ವರದಿಯಾಗಲಿಲ್ಲ. ಹೀಗಾಗಿ ಈ ವಿಷಯವು ಹಿಮಾಲಯದಾಚೆಯ ಕೆಂಪು ಆಕಾಶದ ಚಿತ್ರವಾಗಿಯಷ್ಟೇ ಬಹುತೇಕರ ಗಮನಕ್ಕೆ ಬಂದು ಮರೆಯಾಯಿತು. ಆದರೆ ಇಂದು ನಾಗರಿಕರು ಸರ್ಕಾರದಿಂದ ಪಡೆಯುವ ಅನೇಕ ಸೇವೆಗಳು ಆಕಾಶದಿಂದ ಬರುವ ಸಂಕೇತಗಳನ್ನು ಅವಲಂಬಿಸಿರುತ್ತವೆ. ರೋವರ್ ಉಪಕರಣದಿಂದ ಜಮೀನಿನ ಅಳತೆ ಮಾಡುವಾಗ, ನಿಂತಿರುವ ಜಾಗದ ಸರ್ವೆ ನಂಬರನ್ನು ದಿಶಾಂಕ್ ಆ್ಯಪ್‌ನಲ್ಲಿ ನೋಡುವಾಗ, ರೈತರು ತಮ್ಮ ಹೊಲದಲ್ಲಿ ನಿಂತು ಬೆಳೆ ಸಮೀಕ್ಷೆಯ ಛಾಯಾಚಿತ್ರ ತೆಗೆಯುವಾಗ ಬಳಕೆಯಾಗುವುದು ಉಪಗ್ರಹಗಳ ಸ್ಥಾನ ನಿರ್ದೇಶನವೇ ಆಗಿದೆ. ಈ ಸಂಕೇತಗಳು ಸೂರ್ಯನ ವರ್ತನೆಗೆ ಒಳಪಟ್ಟಿರುತ್ತವೆ.

ಸೂರ್ಯನನ್ನು, ನಕ್ಷತ್ರಗಳನ್ನು ಹಾಗೂ ಗ್ರಹಗಳ ಕಾಂತಗೋಳಗಳನ್ನು ಬಾಹ್ಯಾಕಾಶದಿಂದ ವೀಕ್ಷಿಸುವ ಕಾರ್ಯವು ನಾಗರಿಕರಿಗೆ ನೀಡುತ್ತಿರುವ ರಕ್ಷಣೆ ಎಷ್ಟು, ಅದರ ಮಿತಿ ಎಲ್ಲಿದೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

2. ಸೂರ್ಯನಿಂದ ಭೂಮಿಗೆ ಬಂದು ತಲುಪುವುದೇನು?

ಸೂರ್ಯನ ಚಟುವಟಿಕೆಯು ಸುಮಾರು 11 ವರ್ಷಗಳ ಆವರ್ತದಲ್ಲಿ ಏರಿಳಿಯುತ್ತದೆ. ಪ್ರಸ್ತುತ 25ನೇ ಆವರ್ತವು 2019ರ ಡಿಸೆಂಬರ್‌ನಲ್ಲಿ ಆರಂಭವಾಗಿದ್ದು, ಸೂರ್ಯನು ಗರಿಷ್ಠ ಚಟುವಟಿಕೆಯ ಅವಧಿಯನ್ನು ತಲುಪಿರುವುದಾಗಿ 2024ರ ಅಕ್ಟೋಬರ್‌ನಲ್ಲಿ ಪ್ರಕಟಿಸಲಾಯಿತು. ಗರಿಷ್ಠ ಅವಧಿಯಲ್ಲಿ ಸೌರಕಲೆಗಳು ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆ ಹಾಗೂ ಅವುಗಳ ಸುತ್ತಲಿನ ಕಾಂತಕ್ಷೇತ್ರವು ಹುರಿಗೊಂಡು ಒಮ್ಮೆಲೇ ಸಡಿಲಗೊಂಡಾಗ ಸ್ಫೋಟಗಳು ಉಂಟಾಗುತ್ತವೆ. ಇಂತಹ ಸ್ಫೋಟದ ಪರಿಣಾಮಗಳು ಮೂರು ಹಂತಗಳಲ್ಲಿ ಭೂಮಿಯನ್ನು ತಲುಪುತ್ತವೆ:

(ಅ) ಬೆಳಕು ಮತ್ತು ಎಕ್ಸ್-ಕಿರಣಗಳು: ಸೌರ ಜ್ವಾಲೆಯಿಂದ ಹೊರಟ ಇವು ಸುಮಾರು 8 ನಿಮಿಷಗಳಲ್ಲಿ ತಲುಪುತ್ತವೆ. ಹಗಲಿರುವ ಭೂಭಾಗದಲ್ಲಿ ಕಿರುತರಂಗ ರೇಡಿಯೊ ಸಂಪರ್ಕವು ಕೆಲಕಾಲ ಕಡಿತಗೊಳ್ಳಬಹುದು. ಇದಕ್ಕೆ ಪೂರ್ವಸೂಚನೆ ನೀಡಲು ಅವಕಾಶವಿಲ್ಲ. ಸುದ್ದಿ ಮತ್ತು ಪರಿಣಾಮ ಎರಡೂ ಒಟ್ಟಿಗೇ ಬರುತ್ತವೆ.

(ಆ) ಅಧಿಕ ಶಕ್ತಿಯ ಕಣಗಳು: ಹತ್ತಾರು ನಿಮಿಷಗಳಿಂದ ಕೆಲವು ಗಂಟೆಗಳ ಒಳಗೆ ತಲುಪುತ್ತವೆ. ಉಪಗ್ರಹಗಳ ವಿದ್ಯುನ್ಮಾನ ಭಾಗಗಳಿಗೆ, ಗಗನಯಾತ್ರಿಗಳಿಗೆ ಹಾಗೂ ಧ್ರುವಮಾರ್ಗದ ವಿಮಾನಗಳಿಗೆ ಇವುಗಳಿಂದ ತೊಂದರೆ ಇರುತ್ತದೆ.

(ಇ) ಕರೋನಾ ದ್ರವ್ಯರಾಶಿಯ ಉತ್ಸರ್ಜನೆ: ಸೂರ್ಯನ ಹೊರ ಪ್ರಭಾವಲಯದಿಂದ ಚಿಮ್ಮಿದ ಶತಕೋಟಿಗಟ್ಟಲೆ ಟನ್ ಅನಿಲವು ತನ್ನದೇ ಕಾಂತಕ್ಷೇತ್ರವನ್ನು ಹೊತ್ತು ಬರುತ್ತದೆ. ಅತಿ ವೇಗದ ಮೋಡಗಳು 15ರಿಂದ 18 ಗಂಟೆಗಳಲ್ಲಿ, ಸಾಮಾನ್ಯವಾದವು ಎರಡರಿಂದ ನಾಲ್ಕು ದಿನಗಳಲ್ಲಿ ತಲುಪುತ್ತವೆ. ಭೂಕಾಂತ ಬಿರುಗಾಳಿಗಳಲ್ಲಿ ಅತ್ಯಂತ ತೀವ್ರವಾದವು ಇವುಗಳಿಂದಲೇ ಉಂಟಾಗುತ್ತವೆ.

ಮೂರನೆಯ ಹಂತಕ್ಕೆ ಒಂದೆರಡು ದಿನಗಳ ಕಾಲಾವಕಾಶ ಇರುವುದರಿಂದ ಮುನ್ಸೂಚನೆ ಸುಲಭವೆಂದು ಮೇಲ್ನೋಟಕ್ಕೆ ತೋರುತ್ತದೆ. ವಾಸ್ತವದಲ್ಲಿ ಹಾಗಿಲ್ಲ. ಅದರ ಕಾರಣವು ಭೂಮಿಯ ಕಾಂತಗೋಳದಲ್ಲಿದೆ.

3. ಕಾಂತಗೋಳ: ಕವಚವೂ ಹೌದು, ಬಾಗಿಲೂ ಹೌದು

ಭೂಮಿಯ ಕಾಂತಕ್ಷೇತ್ರವು ಬಾಹ್ಯಾಕಾಶದಲ್ಲಿ ವ್ಯಾಪಿಸಿ, ಸೂರ್ಯನಿಂದ ಸದಾ ಬೀಸುವ ಸೌರ ಮಾರುತವನ್ನು ತಡೆದು ಪಕ್ಕಕ್ಕೆ ಸರಿಸುತ್ತದೆ. 1958ರಲ್ಲಿ ಅಮೆರಿಕದ ಎಕ್ಸ್‌ಪ್ಲೋರರ್-1 ಉಪಗ್ರಹವು ಕಳುಹಿಸಿದ ಮಾಹಿತಿಯಿಂದ ಭೂಮಿಯನ್ನು ಸುತ್ತುವರಿದ ವಿಕಿರಣ ಪಟ್ಟಿಗಳು ಪತ್ತೆಯಾದವು. ಸೂರ್ಯನ ಕಡೆಗೆ ಈ ಕವಚದ ಗಡಿಯು ಸಾಧಾರಣ ದಿನಗಳಲ್ಲಿ ಭೂಮಿಯಿಂದ ಸುಮಾರು 60 ಸಾವಿರ ಕಿ.ಮೀ. ಆಚೆಗಿರುತ್ತದೆ. ಸಂಪರ್ಕ ಮತ್ತು ದೂರದರ್ಶನ ಉಪಗ್ರಹಗಳಿರುವ ಭೂಸ್ಥಿರ ಕಕ್ಷೆಯು ಸುಮಾರು 36 ಸಾವಿರ ಕಿ.ಮೀ. ಎತ್ತರದಲ್ಲಿದ್ದು, ಕವಚದ ಒಳಗೆ ಸುರಕ್ಷಿತವಾಗಿರುತ್ತದೆ. ತೀವ್ರ ಬಿರುಗಾಳಿಯ ಸಮಯದಲ್ಲಿ ಕವಚವು ಒಳಕ್ಕೆ ಒತ್ತಲ್ಪಡುತ್ತದೆ. 2024ರ ಅಕ್ಟೋಬರ್‌ನ ಬಿರುಗಾಳಿಯಲ್ಲಿ ಭೂಸ್ಥಿರ ಕಕ್ಷೆಯ ಕೆಲವು ಉಪಗ್ರಹಗಳು ಸ್ವಲ್ಪ ಕಾಲ ಕವಚದಿಂದ ಹೊರಗುಳಿದದ್ದು ಆದಿತ್ಯ-ಎಲ್1 ನೌಕೆಯ ಮಾಹಿತಿಯನ್ನು ಬಳಸಿ ನಡೆಸಿದ ಅಧ್ಯಯನದಲ್ಲಿ ತಿಳಿದುಬಂದಿದೆ.

ಕವಚದ ಗುಣದಲ್ಲಿ ಮುಖ್ಯವಾದ ಒಂದು ಅಂಶವಿದೆ. ಸೂರ್ಯನ ಕಡೆಯ ಗಡಿಯಲ್ಲಿ ಭೂಮಿಯ ಕಾಂತಕ್ಷೇತ್ರವು ಉತ್ತರಾಭಿಮುಖವಾಗಿರುತ್ತದೆ. ಬರುವ ಮೋಡದ ಕಾಂತಕ್ಷೇತ್ರವೂ ಉತ್ತರಾಭಿಮುಖವಾಗಿದ್ದಲ್ಲಿ ಅದು ಬಹುಪಾಲು ಕವಚದ ಮೇಲಿಂದ ಜಾರಿ ಹೋಗುತ್ತದೆ. ದಕ್ಷಿಣಾಭಿಮುಖವಾಗಿದ್ದಲ್ಲಿ ಎರಡೂ ಕ್ಷೇತ್ರರೇಖೆಗಳು ತುಂಡಾಗಿ ಪರಸ್ಪರ ಬೆಸೆದುಕೊಳ್ಳುತ್ತವೆ ಹಾಗೂ ಸೌರ ಮಾರುತದ ಶಕ್ತಿಯು ಒಳಕ್ಕೆ ನುಗ್ಗುತ್ತದೆ. ಈ ಬೆಸುಗೆಯ ಪ್ರಕ್ರಿಯೆಯನ್ನು 2015ರಲ್ಲಿ ಉಡಾಯಿಸಲಾದ ನಾಸಾದ ನಾಲ್ಕು ಎಂಎಂಎಸ್ ಉಪಗ್ರಹಗಳು ಅದು ನಡೆಯುವ ಸ್ಥಳದಲ್ಲಿಯೇ ಅಳೆದಿವೆ.

ಆದ್ದರಿಂದ ಒಂದೇ ಗಾತ್ರದ, ಒಂದೇ ವೇಗದ ಎರಡು ಮೋಡಗಳಲ್ಲಿ ಒಂದು ನಿರುಪದ್ರವಿಯಾಗಿ ಹಾದುಹೋಗಬಹುದು, ಇನ್ನೊಂದು ಬಿರುಗಾಳಿಯನ್ನು ಎಬ್ಬಿಸಬಹುದು. ಸೂರ್ಯನ ಚಿತ್ರಗಳಿಂದ ಮೋಡದ ಗಾತ್ರ, ದಿಕ್ಕು ಮತ್ತು ವೇಗವನ್ನು ಅಂದಾಜು ಮಾಡಬಹುದು. ಅದು ಹೊತ್ತು ತರುವ ಕಾಂತಕ್ಷೇತ್ರವು ಯಾವ ಕಡೆಗೆ ಮುಖಮಾಡಿದೆ ಎಂಬುದನ್ನು ಮಾತ್ರ ಚಿತ್ರಗಳಿಂದ ಖಚಿತವಾಗಿ ತಿಳಿಯಲು ಸಾಧ್ಯವಾಗಿಲ್ಲ. ಮೋಡವು ಯಾವುದಾದರೂ ಕಾಂತಮಾಪಕದ ಮೇಲೆ ಹಾದುಹೋದಾಗಲೇ ಅದು ಗೊತ್ತಾಗುತ್ತದೆ.

4. ಎಲ್1 ಬಿಂದು ಮತ್ತು ಆದಿತ್ಯ-ಎಲ್1

ಭೂಮಿಯಿಂದ ಸೂರ್ಯನ ದಿಕ್ಕಿನಲ್ಲಿ ಸುಮಾರು 15 ಲಕ್ಷ ಕಿ.ಮೀ. ದೂರದಲ್ಲಿ ಮೊದಲನೆಯ ಲಗ್ರಾಂಜ್ ಬಿಂದು ಅಥವಾ 'ಎಲ್1' ಇದೆ. ಸೂರ್ಯ ಮತ್ತು ಭೂಮಿಯ ಗುರುತ್ವಗಳು ಇಲ್ಲಿ ಹೊಂದಿಕೊಳ್ಳುವುದರಿಂದ ನೌಕೆಯೊಂದು ಅಲ್ಪ ಇಂಧನದಲ್ಲಿ ಈ ಬಿಂದುವಿನ ಸುತ್ತ ಪರಿಭ್ರಮಿಸುತ್ತಾ, ಗ್ರಹಣಗಳ ಅಡ್ಡಿಯಿಲ್ಲದೆ ಸೂರ್ಯನನ್ನು ನೋಡುತ್ತಿರಬಹುದು. ಈ ದೂರವು ಸೂರ್ಯ ಮತ್ತು ಭೂಮಿಯ ನಡುವಿನ ಅಂತರದ ನೂರರಲ್ಲಿ ಒಂದು ಭಾಗ ಮಾತ್ರ. ಆದರೂ ಭೂಮಿಯ ಕಡೆಗೆ ಬರುವ ಮೋಡವು ಮೊದಲು ಹಾದುಹೋಗುವ ಸ್ಥಳ ಇದಾಗಿರುತ್ತದೆ.

ಈ ಸ್ಥಳದಿಂದ ದೊರೆಯುವ ಕಾಲಾವಕಾಶವು ಮೋಡದ ವೇಗವನ್ನು ಅವಲಂಬಿಸಿದ್ದು, ಲೆಕ್ಕವು ಈ ಕೆಳಕಂಡಂತಿದೆ:

- ಸೆಕೆಂಡಿಗೆ 500 ಕಿ.ಮೀ. ವೇಗ: ಸುಮಾರು 50 ನಿಮಿಷ
- ಸೆಕೆಂಡಿಗೆ 800 ಕಿ.ಮೀ. ವೇಗ: ಸುಮಾರು 31 ನಿಮಿಷ
- ಸೆಕೆಂಡಿಗೆ 2,000 ಕಿ.ಮೀ. ವೇಗ: ಸುಮಾರು 12 ನಿಮಿಷ

ಅಂದರೆ ಬಿರುಗಾಳಿಯು ಎಷ್ಟು ಪ್ರಬಲವೋ ಸಿದ್ಧತೆಗೆ ಸಿಗುವ ಸಮಯವು ಅಷ್ಟು ಕಡಿಮೆ. ಖಚಿತವಾದ ಮುನ್ಸೂಚನೆಯು ಸರಾಸರಿ ಅರ್ಧ ಗಂಟೆಯದಾಗಿರುತ್ತದೆ.

ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು (ಇಸ್ರೋ) ಆದಿತ್ಯ-ಎಲ್1 ನೌಕೆಯನ್ನು 2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ57 ರಾಕೆಟ್ ಮೂಲಕ ಉಡಾಯಿಸಿತು. ನೌಕೆಯು 2024ರ ಜನವರಿ 6ರಂದು ಎಲ್1 ಸುತ್ತಲಿನ ಕಕ್ಷೆಯನ್ನು ಸೇರಿತು. ಈ ಕಕ್ಷೆಯಲ್ಲಿ ಒಂದು ಸುತ್ತಿಗೆ ಸುಮಾರು 178 ದಿನಗಳು ಬೇಕಾಗುತ್ತವೆ. ನೌಕೆಯಲ್ಲಿರುವ ಏಳು ಉಪಕರಣಗಳ ಪೈಕಿ ನಾಲ್ಕು ದೂರದಿಂದ ಸೂರ್ಯನನ್ನು ನೋಡುತ್ತವೆ. ಉಳಿದ ಮೂರು ತಾವಿರುವ ಸ್ಥಳದಲ್ಲಿ ಹಾದುಹೋಗುವ ಕಣಗಳನ್ನು ಹಾಗೂ ಕಾಂತಕ್ಷೇತ್ರವನ್ನು ಅಳೆಯುತ್ತವೆ. ಹೀಗೆ ಸ್ಫೋಟವನ್ನು ನೋಡುವ ಕಣ್ಣು, ಬಂದು ತಾಕುವ ಮೋಡವನ್ನು ಮುಟ್ಟಿ ನೋಡುವ ಕೈ ಎರಡೂ ಒಂದೇ ನೌಕೆಯಲ್ಲಿವೆ.

ಈ ಕಾರ್ಯದಲ್ಲಿ ಕರ್ನಾಟಕದ ಪಾಲು ಗಣನೀಯವಾಗಿದೆ. ಏಳು ಉಪಕರಣಗಳಲ್ಲಿ ನಾಲ್ಕು ಬೆಂಗಳೂರಿನ ಸಂಸ್ಥೆಗಳಿಂದ ಸಿದ್ಧವಾಗಿವೆ. ಕರೋನಾವನ್ನು ಚಿತ್ರಿಸುವ ಮುಖ್ಯ ಉಪಕರಣವಾದ 'ವೆಲ್ಕ್' ಅನ್ನು ಭಾರತೀಯ ಖಭೌತ ಸಂಸ್ಥೆಯು ತನ್ನ ಹೊಸಕೋಟೆ ಆವರಣದಲ್ಲಿ ನಿರ್ಮಿಸಿತು. ಎರಡು ಎಕ್ಸ್-ಕಿರಣ ಉಪಕರಣಗಳನ್ನು ಯು.ಆರ್. ರಾವ್ ಉಪಗ್ರಹ ಕೇಂದ್ರವೂ, ಕಾಂತಮಾಪಕವನ್ನು ವಿದ್ಯುತ್-ದೃಗ್ ವ್ಯವಸ್ಥೆಗಳ ಪ್ರಯೋಗಾಲಯವೂ ಸಿದ್ಧಪಡಿಸಿದವು. ಕಾಂತಮಾಪಕವನ್ನು ನೌಕೆಯ ಸ್ವಂತ ಕಾಂತಪ್ರಭಾವದಿಂದ ದೂರವಿರಿಸಲು ಆರು ಮೀಟರ್ ಉದ್ದದ ದಂಡದ ಮೇಲೆ ಅಳವಡಿಸಲಾಗಿದ್ದು, ಆ ದಂಡವನ್ನು 2024ರ ಜನವರಿ 11ರಂದು ಬಿಡಿಸಲಾಯಿತು. ಇತರ ಮೂರು ಉಪಕರಣಗಳು ಪುಣೆ, ಅಹಮದಾಬಾದ್ ಮತ್ತು ತಿರುವನಂತಪುರದ ಸಂಸ್ಥೆಗಳ ಕೊಡುಗೆಯಾಗಿವೆ. ಬೆಂಗಳೂರು ಸಮೀಪದ ಬ್ಯಾಲಾಳುವಿನಲ್ಲಿರುವ ದೊಡ್ಡ ಆಂಟೆನಾಗಳು ನೌಕೆಯ ಮಾಹಿತಿಯನ್ನು ಸ್ವೀಕರಿಸುತ್ತವೆ. ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನಲ್ಲಿರುವ ರೇಡಿಯೊ ವೀಕ್ಷಣಾಲಯವು ಸೂರ್ಯನ ರೇಡಿಯೊ ತರಂಗಗಳನ್ನು ನೆಲದಿಂದಲೇ ಗಮನಿಸುತ್ತಿದೆ.

5. 2024ರ ಮೇ ಘಟನೆ: ಭಾರತವು ಪಾರಾದ ಬಗೆ

ಸದರಿ ಬಿರುಗಾಳಿಯ ಮೂಲವು 13664 ಎಂಬ ಸಂಖ್ಯೆಯ ಸೌರಕಲೆಗಳ ಗುಂಪಾಗಿತ್ತು. ಕೆಲವೇ ದಿನಗಳಲ್ಲಿ ಅಲ್ಲಿಂದ ಹಲವು ಮೋಡಗಳು ಒಂದರ ಹಿಂದೆ ಒಂದರಂತೆ ಭೂಮಿಯ ಕಡೆಗೆ ಹೊರಟವು. ಆದಿತ್ಯ-ಎಲ್1 ಹಾಗೂ ಅಮೆರಿಕದ ಆರು ಉಪಗ್ರಹಗಳ ಮಾಹಿತಿಯನ್ನು ಒಟ್ಟುಗೂಡಿಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಎರಡು ಮೋಡಗಳು ಮಾರ್ಗದಲ್ಲಿಯೇ ಪರಸ್ಪರ ಒತ್ತಿಕೊಂಡು, ಅವುಗಳ ಕಾಂತರೇಖೆಗಳು ಸುಮಾರು 13 ಲಕ್ಷ ಕಿ.ಮೀ. ವ್ಯಾಪ್ತಿಯಲ್ಲಿ ತುಂಡಾಗಿ ಮರುಬೆಸುಗೆಗೊಂಡಿದ್ದವು. ಬಿರುಗಾಳಿಯು ನಿರೀಕ್ಷೆಗಿಂತ ತೀವ್ರವಾಗಲು ಇದೂ ಒಂದು ಕಾರಣವೆಂದು ಅಧ್ಯಯನವು ಸೂಚಿಸುತ್ತದೆ. ಬೇರೆ ಬೇರೆ ಸ್ಥಳಗಳಲ್ಲಿದ್ದ ನೌಕೆಗಳ ಅಳತೆಗಳನ್ನು ಜೋಡಿಸದೆ ಈ ಸಂಗತಿಯು ತಿಳಿಯುತ್ತಿರಲಿಲ್ಲ.

ಭಾರತಕ್ಕೆ ಹೆಚ್ಚಿನ ತೊಂದರೆಯಾಗದಿರಲು ಇಸ್ರೋ ಎರಡು ಕಾರಣಗಳನ್ನು ನೀಡಿದೆ. ಮೊದಲನೆಯದಾಗಿ, ದೇಶವು ಕೆಳ ಅಕ್ಷಾಂಶಗಳಲ್ಲಿದೆ. ಎರಡನೆಯದಾಗಿ, ಬಿರುಗಾಳಿಯ ಮುಖ್ಯ ಹೊಡೆತವು ಮೇ 11ರ ಮುಂಜಾನೆ ಬಿದ್ದಿತು. ಆ ಹೊತ್ತಿಗೆ ಭಾರತದ ಮೇಲಿನ ಅಯಾನುಗೋಳವು ಪೂರ್ಣವಾಗಿ ರೂಪುಗೊಂಡಿರಲಿಲ್ಲ.

ಈ ಎರಡನೆಯ ಕಾರಣವು ವಿಶೇಷ ಗಮನಕ್ಕೆ ಅರ್ಹವಾಗಿದೆ. ಅಯಾನುಗೋಳವೆಂದರೆ ವಾತಾವರಣದ ಮೇಲಿನ, ವಿದ್ಯುದಾವೇಶವುಳ್ಳ ಪದರ. ಉಪಗ್ರಹ ಸಂಕೇತಗಳು ಇದರ ಮೂಲಕವೇ ಹಾದುಬರಬೇಕಾಗುತ್ತದೆ. ಸೂರ್ಯನ ಬಿಸಿಲಿನಿಂದ ಇದು ಹಗಲಿನಲ್ಲಿ ದಟ್ಟವಾಗುತ್ತದೆ, ರಾತ್ರಿ ಕಳೆದಂತೆ ತೆಳುವಾಗುತ್ತದೆ. ಭೂಮಿಯ ಕಾಂತ ಸಮಭಾಜಕ ವೃತ್ತವು ಭಾರತದ ದಕ್ಷಿಣ ತುದಿಯ ಬಳಿ ಹಾದುಹೋಗುತ್ತದೆ. 1963ರಲ್ಲಿ ದೇಶದ ಮೊದಲ ರಾಕೆಟ್ ಉಡಾವಣೆಗೆ ಕೇರಳದ ತುಂಬಾ ಗ್ರಾಮವನ್ನು ಆಯ್ಕೆ ಮಾಡಿದ್ದು ಇದೇ ಕಾರಣಕ್ಕೆ. ಈ ವೃತ್ತದ ಮೇಲಿನ ಅಯಾನುಗೋಳವು ಮೇಲಕ್ಕೆ ಚಿಮ್ಮಿ ಎರಡೂ ಬದಿಗೆ ಇಳಿಯುವುದರಿಂದ ಅಹಮದಾಬಾದ್ ಮತ್ತು ಭೋಪಾಲ್ ಇರುವ ಪಟ್ಟಿಯಲ್ಲಿ ಅದು ಅತ್ಯಂತ ದಟ್ಟವಾಗಿರುತ್ತದೆ. ಕರ್ನಾಟಕವು ಈ ಎರಡರ ನಡುವೆ ಇದೆ.

ಧ್ರುವಗಳ ಸಮೀಪದ ದೇಶಗಳಿಗೆ ವಿದ್ಯುತ್ ಜಾಲದ್ದೇ ಮುಖ್ಯ ಚಿಂತೆಯಾದರೆ, ಭಾರತದಂತಹ ದೇಶಕ್ಕೆ ಉಪಗ್ರಹ ಸಂಕೇತಗಳ ಚಿಂತೆಯೇ ಪ್ರಧಾನವಾಗಿದೆ. ಸೂರ್ಯಾಸ್ತದ ನಂತರ ಅಯಾನುಗೋಳದಲ್ಲಿ ಗುಳ್ಳೆಗಳಂತಹ ಏರುಪೇರುಗಳು ಉಂಟಾಗಿ ಸಂಕೇತಗಳು ಮಿನುಗುತ್ತವೆ, ಕೆಲವೊಮ್ಮೆ ಕಡಿದುಹೋಗುತ್ತವೆ. ಹಗಲು ಮತ್ತು ರಾತ್ರಿ ಸಮನಾಗಿರುವ ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸಿನ ತಿಂಗಳುಗಳಲ್ಲಿ, ಅದರಲ್ಲೂ ಸೌರ ಗರಿಷ್ಠದ ವರ್ಷಗಳಲ್ಲಿ, ಇದು ಹೆಚ್ಚು. ಬಿರುಗಾಳಿಯಿಲ್ಲದ ದಿನಗಳಲ್ಲಿಯೂ ಹೀಗಾಗಬಹುದು. ಬಿರುಗಾಳಿಯು ಯಾವ ಹೊತ್ತಿನಲ್ಲಿ ಬಂದೆರಗುತ್ತದೆ ಎಂಬುದನ್ನು ಅನುಸರಿಸಿ ಇದು ಉಲ್ಬಣಿಸಲೂಬಹುದು, ಅಡಗಲೂಬಹುದು. ಬೆಂಗಳೂರಿನಲ್ಲಿ ನಿಯಂತ್ರಣ ಕೇಂದ್ರವನ್ನು ಹೊಂದಿರುವ, ವಿಮಾನಯಾನಕ್ಕಾಗಿ ಇಸ್ರೋ ಹಾಗೂ ವಿಮಾನ ನಿಲ್ದಾಣ ಪ್ರಾಧಿಕಾರವು ರೂಪಿಸಿದ 'ಗಗನ್' ವ್ಯವಸ್ಥೆಯು ಅಯಾನುಗೋಳದಿಂದಾಗುವ ದೋಷವನ್ನು ಲೆಕ್ಕಹಾಕಿ ತಿದ್ದುಪಡಿಗಳನ್ನು ಕಳುಹಿಸುತ್ತದೆ.

ಮೇಲ್ಕಂಡ ಅಂಶಗಳಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. 2024ರ ಮೇ ತಿಂಗಳಲ್ಲಿ ಭಾರತವು ಪಾರಾದದ್ದು ಭಾಗಶಃ ಗಡಿಯಾರದ ಕೃಪೆಯಿಂದ. ಅದೇ ಹೊಡೆತವು ಮಧ್ಯಾಹ್ನ ಅಥವಾ ಸಂಜೆ ಬಿದ್ದಿದ್ದರೆ ಪರಿಣಾಮವೂ ಬೇರೆಯಾಗಿರಬಹುದಿತ್ತು. ವೇಳೆಯ ಅನುಕೂಲವನ್ನು ರಕ್ಷಣಾ ವ್ಯವಸ್ಥೆಯೆಂದು ಭಾವಿಸಲಾಗದು.

6. ಹಿಂದಿನ ಘಟನೆಗಳು ಕಲಿಸುವುದೇನು?

ಕೆಳ ಅಕ್ಷಾಂಶವೆಂಬುದೇ ಪೂರ್ಣ ರಕ್ಷಣೆಯಲ್ಲ ಎಂಬುದಕ್ಕೆ ಭಾರತದಲ್ಲಿಯೇ ದಾಖಲೆ ಇದೆ. 1859ರ ಸೆಪ್ಟೆಂಬರ್‌ನಲ್ಲಿ ಸಂಭವಿಸಿದ, ಇತಿಹಾಸದಲ್ಲಿ ಅತಿ ಪ್ರಬಲವೆಂದು ಗುರುತಿಸಲಾದ ಬಿರುಗಾಳಿಯಲ್ಲಿ ಯೂರೋಪ್ ಹಾಗೂ ಅಮೆರಿಕದ ತಂತಿ ಕಚೇರಿಗಳಲ್ಲಿ ಕಿಡಿಗಳು ಹಾರಿದವು. ಆಗ ಮುಂಬಯಿಯ ಕೊಲಾಬಾ ವೀಕ್ಷಣಾಲಯದ ಕಾಂತಮಾಪಕವು ಸುಮಾರು 1,600 ನ್ಯಾನೊಟೆಸ್ಲಾಗಳ ಕುಸಿತವನ್ನು ದಾಖಲಿಸಿತು. 2024ರ ಮೇ ಬಿರುಗಾಳಿಯ ಜಾಗತಿಕ ಸೂಚ್ಯಂಕವು ಇಳಿದದ್ದು ಸುಮಾರು 400 ನ್ಯಾನೊಟೆಸ್ಲಾಗಳಷ್ಟು. ಒಂದು ಸ್ಥಳದ ಅಳತೆಯನ್ನು ಜಾಗತಿಕ ಸರಾಸರಿಯೊಡನೆ ನೇರವಾಗಿ ಹೋಲಿಸಲಾಗದಿದ್ದರೂ, 1859ರ ಘಟನೆಯನ್ನು ಅಂದಾಜು ಮಾಡಲು ವಿಜ್ಞಾನಿಗಳು ಇಂದಿಗೂ ಆ ಮುಂಬಯಿ ದಾಖಲೆಯನ್ನು ಆಶ್ರಯಿಸುತ್ತಾರೆ. ನಗರದ ಟ್ರಾಮುಗಳು ವಿದ್ಯುತ್ತಿಗೆ ಬದಲಾದ ಕಾರಣ ಆ ವೀಕ್ಷಣೆಗಳನ್ನು 1904ರಲ್ಲಿ ಅಲಿಬಾಗ್‌ಗೆ ಸ್ಥಳಾಂತರಿಸಲಾಯಿತು.

ಇತ್ತೀಚಿನ ಪ್ರಮುಖ ಘಟನೆಗಳು ಈ ಕೆಳಕಂಡಂತಿವೆ:

- 1989ರ ಮಾರ್ಚ್ 13: ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಿದ್ಯುತ್ ಜಾಲವು ಸುಮಾರು 90 ಸೆಕೆಂಡುಗಳಲ್ಲಿ ಕುಸಿದು, 60 ಲಕ್ಷ ಜನರು ಸುಮಾರು 9 ಗಂಟೆಗಳ ಕಾಲ ಕತ್ತಲಲ್ಲಿ ಉಳಿದರು.
- 2003ರ ಅಕ್ಟೋಬರ್ 30: ಸ್ವೀಡನ್ನಿನ ಮಾಲ್ಮೊ ಪ್ರದೇಶದಲ್ಲಿ ಸುಮಾರು 50 ಸಾವಿರ ಜನರಿಗೆ ಕೆಲಕಾಲ ವಿದ್ಯುತ್ ಕಡಿತಗೊಂಡಿತು.
- 2022ರ ಫೆಬ್ರವರಿ: ಒಂದೇ ರಾಕೆಟ್‌ನಲ್ಲಿ ಕಳುಹಿಸಿದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ 38 ನಾಶವಾದವು. ಬಿರುಗಾಳಿಯು ಸಾಧಾರಣ ಮಟ್ಟದ್ದಾಗಿದ್ದರೂ ಮೇಲಿನ ವಾತಾವರಣವು ಬಿಸಿಯಾಗಿ ಉಬ್ಬಿ, ಉಪಗ್ರಹಗಳನ್ನು ಕೆಳಕ್ಕೆ ಸೆಳೆಯಿತು.
- 2025ರ ನವೆಂಬರ್ 28: ತೀವ್ರ ಸೌರ ವಿಕಿರಣದಿಂದ ವಿಮಾನ ನಿಯಂತ್ರಣದ ದತ್ತಾಂಶವು ಕೆಡುವ ಸಾಧ್ಯತೆ ಇದೆಯೆಂದು ಏರ್‌ಬಸ್ ಸಂಸ್ಥೆಯು ಪ್ರಕಟಿಸಿತು. ವಿಶ್ವದಾದ್ಯಂತ ಎ320 ಶ್ರೇಣಿಯ ಸುಮಾರು 6,000 ವಿಮಾನಗಳಿಗೆ ತಿದ್ದುಪಡಿ ಅಗತ್ಯವಾಗಿ, ಭಾರತದ ವಿಮಾನ ಪ್ರಯಾಣಿಕರಿಗೂ ಅದರ ಬಿಸಿ ತಟ್ಟಿತು.

ಕ್ವಿಬೆಕ್ ಘಟನೆಯ ತರುವಾಯ ಆ ಪ್ರಾಂತ್ಯದ ವಿದ್ಯುತ್ ಜಾಲವನ್ನು ಬಲಪಡಿಸಲಾಯಿತು. 2024ರ ಮೇ ತಿಂಗಳಲ್ಲಿ ಅಲ್ಲಿ ಅಂತಹ ಕುಸಿತವು ಮರುಕಳಿಸಲಿಲ್ಲ. ಮುನ್ಸೂಚನೆಯಿಂದ ಉಪಯೋಗವಾಗುವುದು ಅದನ್ನು ಸ್ವೀಕರಿಸುವವರು ಮೊದಲೇ ಸಿದ್ಧರಿದ್ದಾಗ ಎಂಬುದು ಇದರಿಂದ ತಿಳಿಯುತ್ತದೆ.

7. ಇತರ ಗ್ರಹಗಳು ಮತ್ತು ನಕ್ಷತ್ರಗಳ ಸಾಕ್ಷ್ಯ

ದೂರದ ಗ್ರಹಗಳನ್ನೂ ನಕ್ಷತ್ರಗಳನ್ನೂ ವೀಕ್ಷಿಸುವುದರಿಂದ ಸಾಮಾನ್ಯ ಜನರಿಗೆ ಏನು ಪ್ರಯೋಜನವೆಂಬ ಪ್ರಶ್ನೆ ಸಹಜವಾಗಿದೆ. ಭೂಮಿ ಒಂದೇ, ಸೂರ್ಯನೂ ಒಬ್ಬನೇ ಆಗಿರುವುದರಿಂದ ಹೋಲಿಕೆಗೆ ಬೇರೆ ಉದಾಹರಣೆಗಳು ಬೇಕಾಗುತ್ತವೆ.

ಕವಚದ ಬೆಲೆಯನ್ನು ಮಂಗಳ ಗ್ರಹವು ತೋರಿಸಿಕೊಡುತ್ತದೆ. ಅಲ್ಲಿ ಇಡೀ ಗ್ರಹವನ್ನು ಆವರಿಸುವ ಕಾಂತಕ್ಷೇತ್ರವು ಇಂದು ಇಲ್ಲ. 2014ರಲ್ಲಿ ಮಂಗಳವನ್ನು ತಲುಪಿದ ನಾಸಾದ ಮೇವೆನ್ ನೌಕೆಯು ಸೌರ ಮಾರುತವು ಆ ಗ್ರಹದ ವಾತಾವರಣವನ್ನು ಸವೆಸುತ್ತಿರುವುದನ್ನು ಹಾಗೂ ಬಿರುಗಾಳಿಗಳ ಸಮಯದಲ್ಲಿ ಸವೆತವು ಹೆಚ್ಚಾಗುವುದನ್ನು ಅಳೆಯಿತು. ಬುಧ ಗ್ರಹಕ್ಕೆ ಕಾಂತಕ್ಷೇತ್ರವಿರುವುದು 1974ರಲ್ಲಿ ಮ್ಯಾರಿನರ್-10ರಿಂದ ತಿಳಿಯಿತು. ಆದರೆ ಅದು ಬಹಳ ದುರ್ಬಲವಾಗಿದ್ದು, ಪ್ರಬಲ ಸೌರ ಮಾರುತದ ಎದುರು ಕೆಲವೊಮ್ಮೆ ಗ್ರಹದ ಮೇಲ್ಮೈಯವರೆಗೂ ಕುಗ್ಗುತ್ತದೆ. ಇದಕ್ಕೆ ವಿರುದ್ಧವಾಗಿ ಗುರುವಿನ ಕಾಂತಗೋಳದ ಬಾಲವು ಶನಿಯ ಕಕ್ಷೆಯವರೆಗೂ ಚಾಚಿದೆ. 2016ರಲ್ಲಿ ಗುರುವಿನ ಕಕ್ಷೆ ಸೇರಿದ ಜೂನೊ ನೌಕೆಯು ಅಲ್ಲಿನ ಧ್ರುವಪ್ರಭೆಗಳನ್ನು ಸಮೀಪದಿಂದ ಅಧ್ಯಯನ ಮಾಡಿದೆ.

ಅಪಾಯದ ಗರಿಷ್ಠ ಮಿತಿಯ ಬಗ್ಗೆ ನಕ್ಷತ್ರಗಳು ಸುಳಿವು ನೀಡುತ್ತವೆ. 2009ರಿಂದ 2018ರವರೆಗೆ ಕಾರ್ಯನಿರ್ವಹಿಸಿದ ಕೆಪ್ಲರ್ ದೂರದರ್ಶಕದ ದಾಖಲೆಗಳಲ್ಲಿ ಸೂರ್ಯನನ್ನು ಹೋಲುವ ಸುಮಾರು 56 ಸಾವಿರ ನಕ್ಷತ್ರಗಳನ್ನು ಪರಿಶೀಲಿಸಿ 2024ರ ಡಿಸೆಂಬರ್‌ನಲ್ಲಿ ಪ್ರಕಟವಾದ ಅಧ್ಯಯನವು, ಅಂತಹ ಒಂದು ನಕ್ಷತ್ರದಲ್ಲಿ ಸುಮಾರು ನೂರು ವರ್ಷಗಳಿಗೊಮ್ಮೆ ಮಹಾಜ್ವಾಲೆ ಉಂಟಾಗುತ್ತದೆಂದು ಅಂದಾಜಿಸಿದೆ. ಮಹಾಜ್ವಾಲೆಗಳು ಇದುವರೆಗೆ ಸೂರ್ಯನಲ್ಲಿ ನೇರವಾಗಿ ಅಳೆದ ಯಾವುದೇ ಜ್ವಾಲೆಗಿಂತ ಪ್ರಬಲವಾದವು. ಸೂರ್ಯನೂ ಹೀಗೆಯೇ ವರ್ತಿಸುತ್ತಾನೆಯೇ ಎಂಬುದು ಇನ್ನೂ ಚರ್ಚೆಯಲ್ಲಿದೆ. ಕ್ರಿ.ಶ. 774-775ರ ಮರದ ಉಂಗುರಗಳಲ್ಲಿ ವಿಕಿರಣಶೀಲ ಇಂಗಾಲವು ಹಠಾತ್ತನೆ ಏರಿರುವುದನ್ನು ಜಪಾನಿನ ವಿಜ್ಞಾನಿಗಳು 2012ರಲ್ಲಿ ವರದಿ ಮಾಡಿದ್ದು, ಅದಕ್ಕೆ ಸೂರ್ಯನ ಅಸಾಧಾರಣ ಕಣಪ್ರವಾಹವೇ ಕಾರಣವಿರಬಹುದೆಂದು ಬಹುಪಾಲು ತಜ್ಞರು ಭಾವಿಸುತ್ತಾರೆ. ಮನುಷ್ಯನು ಉಪಕರಣಗಳಿಂದ ಸೂರ್ಯನನ್ನು ಗಮನಿಸಿದ ಕಾಲವು ಸೂರ್ಯನ ಆಯುಷ್ಯದಲ್ಲಿ ಒಂದು ಕ್ಷಣವೂ ಅಲ್ಲವೆಂಬುದನ್ನು ಈ ಸಾಕ್ಷ್ಯಗಳು ನೆನಪಿಸುತ್ತವೆ.

8. ಕಾವಲಿನ ನಿರಂತರತೆ

ಒಂದು ನೌಕೆಯನ್ನು ಎಲ್1ಗೆ ಕಳುಹಿಸುವುದರಿಂದ ಕೆಲಸವು ಮುಗಿಯುವುದಿಲ್ಲ. ಕಾವಲಿನ ಬೆಲೆ ಇರುವುದು ಅದರ ನಿರಂತರತೆಯಲ್ಲಿ. 1995ರಲ್ಲಿ ಉಡಾಯಿಸಿದ ಸೋಹೊ ನೌಕೆಯು ಎರಡು ವರ್ಷಗಳ ಅವಧಿಗೆ ಯೋಜಿತವಾಗಿದ್ದರೂ ಮೂರು ದಶಕಗಳ ಕಾಲ ಸೂರ್ಯನ ಚಿತ್ರಗಳನ್ನು ಒದಗಿಸಿತು. 2015ರಲ್ಲಿ ಉಡಾಯಿಸಿದ ಡಿಸ್ಕವರ್ ನೌಕೆಯು 2025ರ ಜುಲೈನಲ್ಲಿ ದೋಷದಿಂದ ಸ್ಥಗಿತಗೊಂಡಾಗ, ಎಚ್ಚರಿಕೆ ನೀಡುವ ಅಮೆರಿಕದ ಸಂಸ್ಥೆಯು 1997ರ ಏಸ್ ನೌಕೆಯನ್ನು ಆಶ್ರಯಿಸಬೇಕಾಯಿತು. ಈ ಕೊರತೆಯನ್ನು ತುಂಬಲು 2025ರ ಸೆಪ್ಟೆಂಬರ್ 24ರಂದು ಹೊಸ ನೌಕೆಯೊಂದನ್ನು ಉಡಾಯಿಸಲಾಗಿದೆ. ಯೂರೋಪಿನ ಬಾಹ್ಯಾಕಾಶ ಸಂಸ್ಥೆಯು ಸೂರ್ಯನನ್ನು ಪಕ್ಕದಿಂದ ನೋಡಬಲ್ಲ 'ವಿಜಿಲ್' ನೌಕೆಯನ್ನು 2031ರಲ್ಲಿ ಕಳುಹಿಸಲು ಯೋಜಿಸಿದೆ.

ಆದಿತ್ಯ-ಎಲ್1ರ ಯೋಜಿತ ಅವಧಿಯು ಐದು ವರ್ಷಗಳು. ಇದು ಮೂಲತಃ ವೈಜ್ಞಾನಿಕ ಅಧ್ಯಯನದ ನೌಕೆಯಾಗಿದ್ದು, ಹಗಲಿರುಳೂ ಎಚ್ಚರಿಕೆ ನೀಡುವ ಸೇವೆಗೆಂದೇ ರೂಪಿಸಿದ್ದಲ್ಲ. ಚಂಡಮಾರುತದ ಮುನ್ಸೂಚನೆಗಾಗಿ ಒಂದರ ನಂತರ ಒಂದರಂತೆ ಹವಾಮಾನ ಉಪಗ್ರಹಗಳನ್ನು ಇರಿಸಿಕೊಂಡ ಹಾಗೆಯೇ ಸೂರ್ಯನ ಕಾವಲಿಗೂ ಉತ್ತರಾಧಿಕಾರಿಗಳು ಬೇಕಾಗುತ್ತವೆ. ಅರ್ಧ ಗಂಟೆಯ ಎಚ್ಚರಿಕೆಯು ವಿದ್ಯುತ್, ವಿಮಾನಯಾನ, ಸಂಪರ್ಕ ಹಾಗೂ ಭೂಮಾಪನ ಇಲಾಖೆಗಳ ಮೇಜಿಗೆ ತಲುಪಿ, ಅಲ್ಲಿರುವವರಿಗೆ ತಾವು ಮಾಡಬೇಕಾದ ಕೆಲಸವು ಮೊದಲೇ ತಿಳಿದಿದ್ದರೆ ಮಾತ್ರ ಅದು ರಕ್ಷಣೆಯಾಗುತ್ತದೆ. ಇಲ್ಲವಾದಲ್ಲಿ ಘಟನೆಯ ನಂತರ ಓದುವ ವರದಿಯಾಗಿ ಉಳಿಯುತ್ತದೆ.

9. ಸಾರ್ವಜನಿಕರ ಗಮನಕ್ಕೆ

ಪ್ರಶ್ನೆ: ಸೌರ ಬಿರುಗಾಳಿಯಿಂದ ಮನುಷ್ಯರ ಆರೋಗ್ಯಕ್ಕೆ ನೇರ ಅಪಾಯವಿದೆಯೇ?
ಉತ್ತರ: ನೆಲದ ಮೇಲಿರುವವರಿಗೆ ಇಲ್ಲ. ವಾತಾವರಣ ಮತ್ತು ಕಾಂತಗೋಳವು ರಕ್ಷಣೆ ನೀಡುತ್ತವೆ. ಪರಿಣಾಮವಾಗುವುದು ತಂತ್ರಜ್ಞಾನದ ಮೇಲೆ.

ಪ್ರಶ್ನೆ: ರಾತ್ರಿ 12.30ರಿಂದ 3.30ರವರೆಗೆ ಮೊಬೈಲ್ ಫೋನ್ ಆಫ್ ಮಾಡಿ ದೂರವಿಡಬೇಕೆಂಬ ಸಂದೇಶವು ನಿಜವೇ?
ಉತ್ತರ: ನಿಜವಲ್ಲ. ಕಾಸ್ಮಿಕ್ ಕಿರಣಗಳ ಹೆಸರಿನಲ್ಲಿ ಹಲವು ವರ್ಷಗಳಿಂದ ಹರಿದಾಡುತ್ತಿರುವ ಈ ಸಂದೇಶಕ್ಕೆ ಆಧಾರವಿಲ್ಲ. ಇದನ್ನು ಇತರರಿಗೆ ಕಳುಹಿಸಬಾರದು.

ಪ್ರಶ್ನೆ: ಅರ್ಜಿಗೆ ಸ್ಥಳಸಹಿತ ಛಾಯಾಚಿತ್ರ ತೆಗೆಯುವಾಗ ಸ್ಥಳವು ತಪ್ಪಾಗಿ ತೋರಿಸಿದರೆ ಏನು ಮಾಡಬೇಕು?
ಉತ್ತರ: ಪ್ರತಿಯೊಂದು ಅಡಚಣೆಗೂ ಸೂರ್ಯನು ಕಾರಣನಲ್ಲ. ಕಟ್ಟಡ, ದಟ್ಟ ಮರಗಳು ಅಥವಾ ಫೋನಿನ ಸೆಟ್ಟಿಂಗ್ ಬಹುತೇಕ ಕಾರಣವಾಗಿರುತ್ತವೆ. ಬಯಲಿಗೆ ಬಂದು ಕೆಲವು ನಿಮಿಷ ಕಾದು ಪುನಃ ಪ್ರಯತ್ನಿಸಬೇಕು. ಸಂಜೆ ತೊಂದರೆಯಾದಲ್ಲಿ ಮರುದಿನ ಹಗಲಿನಲ್ಲಿ ತೆಗೆಯುವುದು ಸೂಕ್ತ. ತಪ್ಪಾದ ಸ್ಥಳವಿರುವ ಚಿತ್ರವನ್ನು ಹಾಗೆಯೇ ಸಲ್ಲಿಸಬಾರದು.

ಪ್ರಶ್ನೆ: ಜಮೀನಿನ ಅಳತೆಯ ಮೇಲೆ ಪರಿಣಾಮವಾಗುತ್ತದೆಯೇ?
ಉತ್ತರ: ರೋವರ್ ಅಳತೆಗೆ ಸ್ಥಿರ ಉಲ್ಲೇಖ ಕೇಂದ್ರಗಳಿಂದ ತಿದ್ದುಪಡಿಗಳು ದೊರೆಯುತ್ತವೆ. ಅಯಾನುಗೋಳವು ಕದಡಿದ್ದರೆ ಉಪಕರಣವು ನಿಖರ ಸ್ಥಾನವನ್ನು ಪಡೆಯಲು ತಡವಾಗಬಹುದು ಅಥವಾ ಪಡೆಯದಿರಬಹುದು. ಅಂತಹ ಸಂದರ್ಭದಲ್ಲಿ ಭೂಮಾಪಕರು ಅಳತೆಯನ್ನು ಪುನಃ ಮಾಡುವುದು ಅರ್ಜಿದಾರರ ಹಿತದಲ್ಲಿಯೇ ಇರುತ್ತದೆ.

ಪ್ರಶ್ನೆ: ಆದಿತ್ಯ-ಎಲ್1 ಕಳುಹಿಸುವ ಮಾಹಿತಿಯನ್ನು ವಿದ್ಯಾರ್ಥಿಗಳು ಪಡೆಯಬಹುದೇ?
ಉತ್ತರ: ಪಡೆಯಬಹುದು. 2025ರ ಜನವರಿಯಿಂದ ಮಾಹಿತಿಯನ್ನು ಸಾರ್ವಜನಿಕರಿಗೆ ಬಿಡುಗಡೆ ಮಾಡಲಾಗುತ್ತಿದೆ. ಬ್ಯಾಲಾಳುವಿನ ಭಾರತೀಯ ಬಾಹ್ಯಾಕಾಶ ವಿಜ್ಞಾನ ದತ್ತಾಂಶ ಕೇಂದ್ರದ 'ಪ್ರದಾನ್' ಜಾಲತಾಣದಲ್ಲಿ ಹೆಸರು ನೋಂದಾಯಿಸಿಕೊಂಡು ಮಾಹಿತಿಯನ್ನು ಪಡೆಯಬಹುದಾಗಿದೆ.

10. ಉಪಸಂಹಾರ

ಸೂರ್ಯನು 8 ನಿಮಿಷಗಳಲ್ಲಿ ಬೆಳಕನ್ನು ಕಳುಹಿಸುತ್ತಾನೆ, ದಿನಗಳ ನಂತರ ಬಿರುಗಾಳಿಯನ್ನು ಕಳುಹಿಸುತ್ತಾನೆ. ಇವೆರಡರ ನಡುವೆ ಎಲ್1 ಬಿಂದುವಿನಿಂದ ದೊರೆಯುವ ಅರ್ಧ ಗಂಟೆಯು ಮನುಷ್ಯನು ತನ್ನ ಶ್ರಮದಿಂದ ಗಳಿಸಿಕೊಂಡ ಅವಧಿಯಾಗಿದೆ. 1859ರಲ್ಲಿ ಕೊಲಾಬಾದಲ್ಲಿ ಕಾಂತಮಾಪಕದ ಅಂಕಿಗಳನ್ನು ಬರೆದಿಟ್ಟವರಿಗೆ ಅದರ ಉಪಯೋಗವು ಒಂದೂವರೆ ಶತಮಾನದ ನಂತರ ಆಗುವುದೆಂದು ತಿಳಿದಿರಲಿಲ್ಲ. ಹೊಸಕೋಟೆಯಲ್ಲಿ ಸಿದ್ಧವಾದ ಉಪಕರಣದಿಂದ, ಬ್ಯಾಲಾಳುವಿನ ಆಂಟೆನಾಗಳಿಂದ ಇಂದು ಸಂಗ್ರಹವಾಗುತ್ತಿರುವ ದಾಖಲೆಯೂ ಅಂತಹುದೇ ಆಗಿದೆ. ಅದರ ಪ್ರಯೋಜನವು ಮುಂದಿನ ಬಿರುಗಾಳಿಯು ಸಂಜೆಯ ಹೊತ್ತಿಗೆ ಬಂದರೂ ಹೊಲದಲ್ಲಿ ನಿಂತ ಅರ್ಜಿದಾರರವರೆಗೆ ತಲುಪಬೇಕಾದರೆ, ಕಾವಲು ತಪ್ಪದಂತೆಯೂ ಎಚ್ಚರಿಕೆಯನ್ನು ಕೇಳುವವರು ಸಿದ್ಧರಿರುವಂತೆಯೂ ನೋಡಿಕೊಳ್ಳುವುದು ಅಗತ್ಯವಾಗಿದೆ.

(ಈ ಮಾಹಿತಿಯನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ ನೀಡಲಾಗಿದೆ.)